ಜನ ರಸ್ತೆಗೆ ಇಳಿದಾಗ ಸರಕಾರ ಮೊದಲು ಎಂತ ಮಾಡಬೇಕು?

ಹಂಪನಕಟ್ಟೆ_ಜೆರಾಕ್ಸ್:
ನೇಪಾಳದ ಸುದ್ದಿ ನೋಡಿದಾಗಿನಿಂದ ಒಂದು ವಿಷಯ ತಲೆ ಕೊರೆಯುತ್ತಾ ಉಂಟು. 2025ರ ಸೆಪ್ಟೆಂಬರ್ 4ಕ್ಕೆ ಅಲ್ಲಿನ ಸರಕಾರ 26 ಆ್ಯಪ್‌ಗಳನ್ನು ಬಂದ್ ಮಾಡಿತು. ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್ ಎಲ್ಲ. 8ಕ್ಕೆ ಹುಡುಗ ಹುಡುಗಿಯರು ಕಾಠ್ಮಂಡುವಿನ ರಸ್ತೆಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಒಂದೇ ದಿನ 19 ಜನರ ಜೀವ ಹೋಯಿತು. ಆ ರಾತ್ರಿಯೇ ಆ್ಯಪ್‌ಗಳನ್ನು ವಾಪಸ್ ಕೊಟ್ಟರು. ಆಮೇಲೆ ಅದು ಯಾರಿಗೆ ಬೇಕಿತ್ತು? ಮರುದಿನ ಪಾರ್ಲಿಮೆಂಟಿಗೆ ಬೆಂಕಿ ಬಿತ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು.

ಇದನ್ನೆಲ್ಲ ನೋಡುವಾಗ ನನಗೆ ನಮ್ಮ ಮಂಗಳೂರಿನ 2019ರ ಡಿಸೆಂಬರ್ 19 ನೆನಪಾಯಿತು. ಅವತ್ತು ಗುರುವಾರ. ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಪ್ರತಿಭಟನೆ. ಅಂಗಡಿಯಲ್ಲಿ ನಾನು, ಇಬ್ಬರು ಕಾಲೇಜು ಹುಡುಗಿಯರು, ರೇಷನ್ ಕಾರ್ಡ್ ಕಾಪಿ ಮಾಡಿಸಲು ಬಂದ ಒಬ್ಬರು ಅಜ್ಜ. ಹೊರಗೆ ಓಡುವ ಸದ್ದು ಕೇಳಿ ಶಟರ್ ಅರ್ಧ ಎಳೆದೆ. ಕೆಳಗಿನ ಸಂದಿಯಿಂದ ಬರೀ ಕಾಲುಗಳು ಕಾಣುತ್ತಿದ್ದವು. ಆಮೇಲೆ ಕಣ್ಣುರಿ ಶುರುವಾಯಿತು. ಕುಡಿಯುವ ನೀರಿನ ಕ್ಯಾನಿನಿಂದಲೇ ಎಲ್ಲರೂ ಮುಖ ತೊಳೆದೆವು. ಸದ್ದು ನಿಂತ ಮೇಲೆ ಶಟರ್ ಎತ್ತಿದರೆ ರಸ್ತೆ ತುಂಬ ಚಪ್ಪಲಿ. ಒಂದು ಕಾಲಿನದ್ದು ಉಂಟು, ಇನ್ನೊಂದು ಇಲ್ಲ. ಗೋಲಿಬಾರಿಗೆ ಇಬ್ಬರು ಸತ್ತರು ಅಂತ ರಾತ್ರಿ ಗೊತ್ತಾಯಿತು. ಕರ್ಫ್ಯೂ ಹಾಕಿದರು, ಮೊಬೈಲ್ ನೆಟ್ ಹೋಯಿತು.

ಇನ್ನೊಂದು ನೆನಪೂ ಉಂಟು. ಅದಾಗಿ 27 ದಿನಕ್ಕೆ, 2020ರ ಜನವರಿ 15ಕ್ಕೆ, ನಮ್ಮ ಊರಿನ ಅಂಚಿನ ಅಡ್ಯಾರ್ ಕಣ್ಣೂರಿನಲ್ಲಿ ಅದೇ ವಿಷಯಕ್ಕೆ ದೊಡ್ಡ ಸಭೆ ಆಯಿತು. ಜನ ಎಷ್ಟೋ ಪಾಲು ಜಾಸ್ತಿ. ಒಂದು ಕಲ್ಲು ಬೀಳಲಿಲ್ಲ. ಅದೇ ಊರು, ಅದೇ ಪೊಲೀಸರು, ಅದೇ ಸಿಟ್ಟು. ಹಾಗಾದರೆ ವ್ಯತ್ಯಾಸ ಎಲ್ಲಿ? ನಿಮಗೆ ಎಂತ ಅನಿಸುತ್ತದೆ? ಯಾವ ಪಕ್ಷ ಸರಿ, ಯಾವುದು ತಪ್ಪು ಅನ್ನುವ ಜಗಳ ಇಲ್ಲಿ ಬೇಡ.

ರಿಕ್ಷಾ_ಸ್ಟ್ಯಾಂಡ್_7:
ಅಣ್ಣ, ನಿಮ್ಮ ಪ್ರಶ್ನೆ ಸರಿ. ಆದರೆ ಬಂದ್, ರಸ್ತೆ ತಡೆ ಅಂತ ಆದಾಗ ನಮ್ಮ ದಿನದ ದುಡಿಮೆ ಹೋಗುತ್ತದೆ. ರಿಕ್ಷಾದ ಸಾಲದ ಕಂತಿಗೆ ಕರ್ಫ್ಯೂ ಇಲ್ಲ. ಪ್ರತಿಭಟನೆ ಮಾಡುವವರೂ ಅದನ್ನು ಯೋಚನೆ ಮಾಡಬೇಕು. ಸರಕಾರ ಗಟ್ಟಿ ಇಲ್ಲದಿದ್ದರೆ ದಿನಾ ಒಬ್ಬೊಬ್ಬರು ರಸ್ತೆ ತಡೆಯುತ್ತಾರೆ.

ಪದವಿನಂಗಡಿ_ಪದವೀಧರ:
+1. ಗಟ್ಟಿ ಇರಬೇಕು. ಕಲ್ಲು ಎಸೆದವನಿಗೆ ಹೂವಿನ ಹಾರ ಹಾಕಲು ಆಗುವುದಿಲ್ಲ.

ನೇತ್ರಾವತಿ_ದಡ:
ಅಡ್ಯಾರಿಗೆ ನಾನು ಹೋಗಿದ್ದೆ. ನದಿ ದಾಟಿ ದೋಣಿಯಲ್ಲಿ ಹೋದವರಲ್ಲಿ ನಾನೂ ಒಬ್ಬ. ಎಲ್ಲರ ಕೈಯಲ್ಲಿ ರಾಷ್ಟ್ರಧ್ವಜ. ದೋಣಿಯವರು ಒಂದು ಸಲಕ್ಕೆ ಇಷ್ಟೇ ಜನ ಅಂತ ಲೆಕ್ಕ ಮಾಡಿ ಹತ್ತಿಸುತ್ತಿದ್ದರು. ದಡದಲ್ಲಿ ಸ್ವಯಂಸೇವಕರು ಕೈ ಹಿಡಿದು ಇಳಿಸಿದರು. ಮೈದಾನಕ್ಕೆ ಅನುಮತಿ ಇತ್ತು. ಹೆದ್ದಾರಿಯ ವಾಹನಗಳನ್ನು ಬೇರೆ ದಾರಿಗೆ ಬಿಟ್ಟಿದ್ದರು. ಪೊಲೀಸರು ಇದ್ದರು, ಆದರೆ ಜನರ ಎದೆಗೆ ಎದೆ ಕೊಟ್ಟು ನಿಂತಿರಲಿಲ್ಲ. ವ್ಯತ್ಯಾಸ ಅಷ್ಟೇ. ಮಾತಾಡಲು ಒಂದು ಜಾಗ ಕೊಟ್ಟರು. ಜನ ಮಾತಾಡಿ ಮನೆಗೆ ಹೋದರು.

ಖಾಕಿ_ನಿವೃತ್ತ:
ನಾನು 30 ವರ್ಷ ಇಲಾಖೆಯಲ್ಲಿ ಇದ್ದವನು. ಎಲ್ಲಿ ಅಂತ ಬೇಡ. ಕೆಲವು ಮಾತು ಹೇಳಲೇಬೇಕು.

"ಅಷ್ಟೇ ವ್ಯತ್ಯಾಸ" ಅಂತ ಹೇಳುವಷ್ಟು ಸುಲಭ ಅಲ್ಲ. ಅಡ್ಯಾರಿನ ಸಭೆಗೆ ಆಯೋಜಕರು ಇದ್ದರು. ಯಾರ ಹತ್ತಿರ ಮಾತಾಡಬೇಕು ಅಂತ ಪೊಲೀಸರಿಗೆ ಗೊತ್ತಿತ್ತು. ಡಿಸೆಂಬರ್ 19ಕ್ಕೆ ರಾಜ್ಯದಲ್ಲೆಲ್ಲ 144, ಅಂದರೆ ಗುಂಪು ಸೇರಬಾರದು ಅನ್ನುವ ಆದೇಶ ಇತ್ತು, ಬಂದ ಗುಂಪಿಗೆ ಹೇಳುವವರು ಕೇಳುವವರು ಇರಲಿಲ್ಲ. ತಲೆ ಇಲ್ಲದ ಗುಂಪಿನ ಜೊತೆ ಯಾರು ಮಾತಾಡುವುದು?

ಇನ್ನು ಬಂದೋಬಸ್ತ್ ಬಗ್ಗೆ. ಬೆಳಿಗ್ಗೆ 5ಕ್ಕೆ ಬಸ್ಸಿನಿಂದ ಇಳಿಸುತ್ತಾರೆ. ತಲೆಗೆ ಹೆಲ್ಮೆಟ್, ಕೈಯಲ್ಲಿ ಲಾಠಿ, ಫೈಬರ್ ಶೀಲ್ಡ್. ನಮ್ಮ ಊರಿನ ಸೆಕೆ ನಿಮಗೆ ಗೊತ್ತು. ಮಧ್ಯಾಹ್ನದ ಊಟದ ಪೊಟ್ಟಣ ಬರುವಾಗ ಸಂಜೆ 4. ಬಿಚ್ಚಿದರೆ ಅನ್ನ ಹಳಸಿದ ವಾಸನೆ. ಎದುರಿಗೆ ಬೈಗುಳ. ಹಿಂದೆ ನಿಂತ ಹುಡುಗನಿಗೆ 22 ವರ್ಷ, ಟ್ರೈನಿಂಗ್ ಮುಗಿಸಿ ಬಂದವನು, ಕೈ ನಡುಗುತ್ತಾ ಇರುತ್ತದೆ. ಇದನ್ನು ಯಾರ ತಪ್ಪನ್ನೂ ಮುಚ್ಚಲು ಹೇಳುತ್ತಿಲ್ಲ. ಆ ಹುಡುಗನನ್ನು ಹಾಗೆ ನಿಲ್ಲಿಸುವುದೇ ಮೊದಲ ತಪ್ಪು ಅಂತ ಹೇಳುತ್ತಿದ್ದೇನೆ.

ನಮಗೆ ಕಲಿಸಿದ್ದು ಹೀಗೆ. ಮೊದಲು ಮೈಕಿನಲ್ಲಿ ಎಚ್ಚರಿಕೆ, ಜನರ ಭಾಷೆಯಲ್ಲಿ. ಚದುರಲು ಸಮಯ ಕೊಡಬೇಕು, ಚದುರಲು ದಾರಿಯೂ ಇರಬೇಕು. ಎರಡೂ ಬದಿ ಮುಚ್ಚಿ "ಹೋಗಿ" ಅಂದರೆ ಎಲ್ಲಿಗೆ ಹೋಗುವುದು? ಆಮೇಲೆ ಅಶ್ರುವಾಯು. ಆಮೇಲೆ ಲಾಠಿ, ಅದೂ ಕಾಲಿಗೆ, ತಲೆಗೆ ಅಲ್ಲ. ಬೇರೆ ಏನೂ ಉಳಿಯದಿದ್ದಾಗ ಮಾತ್ರ ಗುಂಡು, ಅದೂ ಆದೇಶ ಇದ್ದರೆ, ಸೊಂಟದ ಕೆಳಗೆ. ಇದರಲ್ಲಿ ಒಂದು ಮೆಟ್ಟಿಲು ಹಾರಿದರೂ ಉತ್ತರ ಹೇಳುವುದು ಕಷ್ಟ.

ಅಜ್ಜರಕಾಡು_ಅಕ್ಕ:
ಸರ್, "ಚದುರಲು ದಾರಿ ಇರಬೇಕು" ಅಂದಿರಲ್ಲ, ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಹಂಪನಕಟ್ಟೆ, ಬಂದರು ಕಡೆಯ ಓಣಿಗಳನ್ನು ನೋಡಿ. ಎರಡು ಸ್ಕೂಟರ್ ಎದುರು ಬಂದರೆ ಒಂದು ಹಿಂದೆ ಹೋಗಬೇಕು. ಅಲ್ಲಿ ಸಾವಿರ ಜನ ಓಡಿದರೆ ಎಂತ ಆಗಬಹುದು?

ಪದವಿನಂಗಡಿ_ಪದವೀಧರ:
@ಖಾಕಿ_ನಿವೃತ್ತ ಸರ್, ಇದೆಲ್ಲ ಪುಸ್ತಕದಲ್ಲಿ ಚೆನ್ನಾಗಿದೆ. ಸ್ಟೇಷನ್ನಿಗೇ ನುಗ್ಗಲು ಬಂದರೆ?

ಖಾಕಿ_ನಿವೃತ್ತ:
ಬಂದರೆ ಕಾಪಾಡಿಕೊಳ್ಳಬೇಕು. ಅದರಲ್ಲಿ ಎರಡು ಮಾತಿಲ್ಲ. ಅವತ್ತು ಬಂದಿದ್ದರಾ, ಎಷ್ಟು ಜನ, ಗುಂಡು ಬೇಕಿತ್ತಾ ಅನ್ನುವುದನ್ನು ನಾನು ನೀವು ಇಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಅದಕ್ಕೇ ಸರಕಾರ ಉಡುಪಿ ಜಿಲ್ಲಾಧಿಕಾರಿಗೆ ತನಿಖೆ ಕೊಟ್ಟಿತ್ತು.

ವಕೀಲೆ_ಉಡುಪಿ:
ಕಾನೂನಿನ ಕೆಲವು ವಿಷಯ ಸರಿ ಮಾಡುತ್ತೇನೆ, ಯಾಕೆಂದರೆ ಎಲ್ಲರೂ "144" ಅಂತಲೇ ಹೇಳುತ್ತಿದ್ದೀರಿ. 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ಒಳಗಿನ ವಿಷಯ ಹೆಚ್ಚು ಕಡಿಮೆ ಅದೇ. ಮಂಗಳೂರಿನಲ್ಲಿ ಅದನ್ನು ಹೊರಡಿಸುವುದು ಪೊಲೀಸ್ ಕಮಿಷನರ್. ನಮ್ಮ ಉಡುಪಿಯಲ್ಲಿ ಕಮಿಷನರ್ ಇಲ್ಲ, ಜಿಲ್ಲಾಧಿಕಾರಿ ಹೊರಡಿಸುತ್ತಾರೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆಯ ಹೊತ್ತಿಗೆ ಶಾಲೆಗಳ ಸುತ್ತ 200 ಮೀಟರಿಗೆ ಹಾಕಿದ್ದು ನೆನಪಿರಬಹುದು.

ಮುಖ್ಯ ವಿಷಯ ಬೇರೆ. 2019ರ ಡಿಸೆಂಬರ್ 18ಕ್ಕೆ ಬೆಂಗಳೂರಿನಲ್ಲಿ ಹಾಕಿದ 144 ಆದೇಶ ಕಾನೂನಿಗೆ ವಿರುದ್ಧ ಅಂತ ನಮ್ಮ ಹೈಕೋರ್ಟೇ 2020ರ ಫೆಬ್ರವರಿಯಲ್ಲಿ ಹೇಳಿತು. ಅದೇ ವರ್ಷ ಜನವರಿ 10ಕ್ಕೆ ಕಾಶ್ಮೀರದ ನೆಟ್ ಬಂದ್ ವಿರುದ್ಧ ಪತ್ರಕರ್ತೆ ಅನುರಾಧಾ ಭಾಸಿನ್ ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಸರಕಾರದ ವಿರುದ್ಧ ನ್ಯಾಯವಾಗಿ ಮಾತಾಡುವವರ ಬಾಯಿ ಮುಚ್ಚಲು 144 ಬಳಸಬಾರದು. ನೆಟ್ ಬಂದ್ ಮಾಡಿದರೆ ಆ ಆದೇಶವನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲಕ್ಕೆ ಬಂದ್ ಮಾಡಲು ಆಗುವುದಿಲ್ಲ.

ರಿಕ್ಷಾ ಅಣ್ಣನ ಪರವಾಗಿಯೂ ಕೋರ್ಟು ಮಾತಾಡಿದೆ. ದಿಲ್ಲಿಯ ಶಾಹೀನ್ ಬಾಗಿನಲ್ಲಿ ಸಿಎಎ ವಿರುದ್ಧ ರಸ್ತೆಯಲ್ಲಿ ಕೂತವರ ಪ್ರಕರಣದಲ್ಲಿ, 2020ರ ಅಕ್ಟೋಬರ್ 7ಕ್ಕೆ, ಪ್ರತಿಭಟನೆ ಹಕ್ಕು ಹೌದು, ಆದರೆ ಸಾರ್ವಜನಿಕ ರಸ್ತೆಯಲ್ಲಿ ಹೀಗೇ ದಿನಗಟ್ಟಲೆ ಕೂರಲು ಆಗುವುದಿಲ್ಲ ಅಂತ ಹೇಳಿತು.

ರಿಕ್ಷಾ_ಸ್ಟ್ಯಾಂಡ್_7:
ಥ್ಯಾಂಕ್ಸ್ ಅಕ್ಕ. ನನಗೆ ಪ್ರತಿಭಟನೆಯೇ ಬೇಡ ಅಂತ ಅಲ್ಲ. ಪೆಟ್ರೋಲ್ ರೇಟ್ ಏರಿದಾಗ ನಾನೂ ಧಿಕ್ಕಾರ ಕೂಗಿದವನೇ.

ಕಾರ್ಕಳ_ಕರಿಕಲ್ಲು:
ನೆಟ್ ಬಂದ್ ಮಾಡಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆ ದಿನ ವಾಟ್ಸಾಪಿನಲ್ಲಿ ಬಂದ ಸುಳ್ಳು ಲೆಕ್ಕ ಇಟ್ಟಿದ್ದೀರಾ? ಯಾವುದೋ ಊರಿನ ವಿಡಿಯೋ ನಮ್ಮ ಊರಿನದ್ದು ಅಂತ ಹಾಕುತ್ತಾರೆ. ಜಿಲ್ಲಾಧಿಕಾರಿ ಸರಿಯಾದ ಕೆಲಸ ಮಾಡಿದರು.

ವಕೀಲೆ_ಉಡುಪಿ:
ಒಂದು ತಿದ್ದುಪಡಿ. ನೆಟ್ ಬಂದ್ ಮಾಡುವ ಅಧಿಕಾರ ಜಿಲ್ಲಾಧಿಕಾರಿಗೆ ಇರಲಿಲ್ಲ. ಆಗ ಇದ್ದ 2017ರ ನಿಯಮದ ಪ್ರಕಾರ ರಾಜ್ಯದ ಗೃಹ ಇಲಾಖೆಯ ಕಾರ್ಯದರ್ಶಿ ಆದೇಶ ಕೊಡಬೇಕಿತ್ತು. ತಪ್ಪೋ ಸರಿಯೋ, ಅದು ಬೆಂಗಳೂರಿನಿಂದ ಬಂದ ತೀರ್ಮಾನ.

ಹಂಪನಕಟ್ಟೆ_ಜೆರಾಕ್ಸ್:
@ಕಾರ್ಕಳ_ಕರಿಕಲ್ಲು ಸುಳ್ಳು ವಿಡಿಯೋ ನಾನೂ ನೋಡಿದ್ದೆ. ಆದರೆ ನೆಟ್ ಹೋದ ಮೇಲೆ ಸುಳ್ಳು ನಿಂತಿತಾ? ಇಲ್ಲ ಮಾರಾಯ್ರೆ. ಫೋನಿನಲ್ಲಿ ಬಾಯಿಂದ ಬಾಯಿಗೆ ಹೋಯಿತು. ಅಲ್ಲಿ ಐದು ಜನ ಸತ್ತರಂತೆ, ಇಲ್ಲಿ ಬಸ್ ಸುಟ್ಟರಂತೆ. ಮೊದಲಾದರೆ ಸುಳ್ಳು ಅಂತ ತೋರಿಸಲು ಇನ್ನೊಂದು ವಿಡಿಯೋ ಆದರೂ ಬರುತ್ತಿತ್ತು. ನನ್ನ ತಂಗಿ ಬಿ.ಸಿ. ರೋಡಿನಿಂದ ಅವತ್ತು ರಾತ್ರಿ 11 ಸಲ ಫೋನ್ ಮಾಡಿದಳು. ಪ್ರತಿ ಸಲ ಬೇರೆ ಬೇರೆ ಸುದ್ದಿ. ಸರಕಾರದ ಕಡೆಯಿಂದ ಮಾತ್ರ ಒಂದು ಸುದ್ದಿಯೂ ಬರಲಿಲ್ಲ ನಮಗೆ. ನೆಟ್ ಬಂದ್ ಮಾಡಿದ್ದಕ್ಕಿಂತ ಆ ಮೌನ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಅಜ್ಜರಕಾಡು_ಅಕ್ಕ:
ಸರಕಾರ ಹೇಳಿದ ಮಾತು ಬದಲಿಸಿದರೂ ಅಷ್ಟೇ, ಹೆದರಿಕೆಯೇ. ಸತ್ತವರ ಮನೆಗೆ ತಲಾ 10 ಲಕ್ಷ ಅಂತ ಘೋಷಿಸಿದರು. ಮೂರು ದಿನದಲ್ಲಿ, ತನಿಖೆ ಮುಗಿಯುವವರೆಗೆ ಇಲ್ಲ ಅಂದರು. ಕೊಡುವುದು ಬಿಡುವುದು ಬೇರೆ ಚರ್ಚೆ. ಮೊದಲೇ ಯೋಚನೆ ಮಾಡಿ ಹೇಳಬಹುದಿತ್ತಲ್ಲ.

ಮಣಿಪಾಲ_ಮೆಸ್:
ನೇಪಾಳದ ವಿಷಯಕ್ಕೆ ಬರುತ್ತೇನೆ. ನಮ್ಮ ಹೋಟೆಲಿನಲ್ಲಿ ನೂಡಲ್ಸ್ ಮಾಡುವ ಹುಡುಗ ಪೋಖರಾ ಕಡೆಯವನು. ಅವನು ಮನೆಗೆ ಮಾತಾಡುವುದೇ ವಾಟ್ಸಾಪಿನಲ್ಲಿ. ದುಡ್ಡು ಖರ್ಚಾಗುವುದಿಲ್ಲ ಅಲ್ವಾ. ಸೆಪ್ಟೆಂಬರ್ 4ರ ಮೇಲೆ ಅಮ್ಮನಿಗೆ ಕಾಲ್ ಹೋಗುತ್ತಿಲ್ಲ. ಬಾಣಲೆ ಬಿಟ್ಟು ಬಿಟ್ಟು ಹಿಂದಿನ ಬಾಗಿಲಿಗೆ ಹೋಗಿ ಫೋನ್ ನೋಡುತ್ತಿದ್ದ. ಮೂರನೇ ದಿನ "ಅಂಕಲ್, ನಮ್ಮ ಸರಕಾರಕ್ಕೆ ನನ್ನ ಅಮ್ಮ ಎಂತ ಮಾಡಿದ್ದಾಳೆ?" ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ.

ಆ ಆ್ಯಪ್‌ಗಳು ನೋಂದಣಿ ಮಾಡಿಸಿಲ್ಲ ಅನ್ನುವುದು ಸರಕಾರದ ಕಾರಣ. ಅದು ಇರಬಹುದು. ಆದರೆ ಊರು ಬಿಟ್ಟು ದುಡಿಯುವ ಲಕ್ಷಗಟ್ಟಲೆ ಮಕ್ಕಳ ಮನೆಗೆ ಇರುವ ತಂತಿ ಅದೊಂದೇ. ಜೊತೆಗೆ ಮಂತ್ರಿ ಮಕ್ಕಳ ದುಂದಿನ ವಿಡಿಯೋಗಳು ಓಡಾಡುತ್ತಿದ್ದ ಹೊತ್ತು. ಆ ಹೊತ್ತಿಗೇ ಬಂದ್ ಮಾಡಿದರೆ, ನಮ್ಮ ಬಾಯಿ ಮುಚ್ಚಲು ಮಾಡಿದ್ದು ಅಂತ ಜನ ಅಂದುಕೊಳ್ಳದೆ ಇರುತ್ತಾರಾ?

ಕೊಣಾಜೆ_ಕ್ಯಾಂಪಸ್:
ಬಾಂಗ್ಲಾದಲ್ಲೂ ಹೀಗೇ ಆಯಿತು. 2024ರ ಜುಲೈಯಲ್ಲಿ ವಿದ್ಯಾರ್ಥಿಗಳು ಕೇಳಿದ್ದು ಸರಕಾರಿ ಕೆಲಸದ ಮೀಸಲಾತಿ ವಿಷಯ ಮಾತ್ರ. ಸ್ವಾತಂತ್ರ್ಯ ಹೋರಾಟಗಾರರ ಕುಟುಂಬದವರಿಗೆ ಇದ್ದ 30% ಕಡಿಮೆ ಮಾಡಿ ಅಂತ. ಪ್ರಧಾನಿ ಹಸೀನಾ ಆ ವಿದ್ಯಾರ್ಥಿಗಳನ್ನು ರಜಾಕಾರರಿಗೆ, ಅಂದರೆ 1971ರಲ್ಲಿ ಪಾಕಿಸ್ತಾನದ ಪರ ನಿಂತವರಿಗೆ ಹೋಲಿಸುವ ಹಾಗೆ ಮಾತಾಡಿದರು. ಅಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆಮೇಲೆ ಗುಂಡು, ಕರ್ಫ್ಯೂ, ನೆಟ್ ಬಂದ್. ಜುಲೈ 21ಕ್ಕೆ ಅಲ್ಲಿನ ಸುಪ್ರೀಂ ಕೋರ್ಟು 30 ಇದ್ದದ್ದನ್ನು 5ಕ್ಕೆ ಇಳಿಸಿತು. ಅಂದರೆ ಮಕ್ಕಳು ಕೇಳಿದ್ದು ಹೆಚ್ಚು ಕಡಿಮೆ ಸಿಕ್ಕಿತು. ಆದರೆ ಅಷ್ಟರಲ್ಲಿ ಎಷ್ಟೋ ಹೆಣ ಬಿದ್ದಿತ್ತು. ಆಗಸ್ಟ್ 5ಕ್ಕೆ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬಂದರು. ಮೊದಲ ವಾರದಲ್ಲೇ ಕರೆದು ಕೂರಿಸಿ ಮಾತಾಡಿದ್ದರೆ ಅಷ್ಟು ಜೀವ ಹೋಗುತ್ತಿರಲಿಲ್ಲ.

ಪದವಿನಂಗಡಿ_ಪದವೀಧರ:
ಅಲ್ಲಿ ಸರಕಾರ ಬಿದ್ದದ್ದೇ ಒಳ್ಳೆಯದಾಯಿತು ಅಂತ ಹೇಳುತ್ತಿದ್ದೀರಾ? ಆಮೇಲೆ ಅಲ್ಪಸಂಖ್ಯಾತರ ಮನೆ, ಗುಡಿಗಳ ಮೇಲೆ ಎಂತ ಆಯಿತು ಅಂತ ನೋಡಿದ್ದೀರಲ್ಲ. ನೇಪಾಳದಲ್ಲೂ ಸುಪ್ರೀಂ ಕೋರ್ಟಿಗೇ ಬೆಂಕಿ ಹಾಕಿದರು. ಕೋರ್ಟಿನ ಕಡತ ಎಂತ ಪಾಪ ಮಾಡಿತ್ತು? ಬೀದಿಯಲ್ಲಿ ಸರಕಾರ ಬೀಳುವುದು ಒಳ್ಳೆಯದಲ್ಲ. ನನ್ನ ಮಾತು ಇಷ್ಟೇ.

ಕೊಣಾಜೆ_ಕ್ಯಾಂಪಸ್:
ಒಳ್ಳೆಯದಾಯಿತು ಅಂತ ನಾನು ಎಲ್ಲಿ ಹೇಳಿದೆ? ಬೀಳುವಷ್ಟು ದೂರ ಯಾಕೆ ಬಿಟ್ಟರು ಅಂತ ಕೇಳುತ್ತಿದ್ದೇನೆ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ.

ಮಲ್ಪೆ_ದಕ್ಕೆ:
ದೂರದ್ದು ಸಾಕು, ನಮ್ಮದು ಕೇಳಿ. 2018ರ ಡಿಸೆಂಬರ್ 15ಕ್ಕೆ ಸುವರ್ಣ ತ್ರಿಭುಜ ಅನ್ನುವ ನಮ್ಮ ಮೀನುಗಾರಿಕೆ ಬೋಟು ಕಾಣೆಯಾಯಿತು. ಏಳು ಜನ ಇದ್ದರು. ದಿನಾ ದಕ್ಕೆಗೆ ಹೋಗಿ ಕೇಳುವುದು, ಏನಾದರೂ ಗೊತ್ತಾಯಿತಾ ಅಂತ. ಮೂರು ವಾರ ಆದರೂ ಸುದ್ದಿ ಇಲ್ಲ. 2019ರ ಜನವರಿ 6ಕ್ಕೆ ಮಲ್ಪೆಯಿಂದ ಅಂಬಲಪಾಡಿಗೆ ನಡೆದೆವು. ಬೋಟುಗಳು ಕಡಲಿಗೆ ಇಳಿಯಲಿಲ್ಲ, ಮೀನು ಮಾರ್ಕೆಟ್ ಬಂದ್. ಮೀನು ಮಾರುವ ಹೆಂಗಸರು ಬುಟ್ಟಿ ಮನೆಯಲ್ಲಿ ಇಟ್ಟು ಬಂದಿದ್ದರು. ಹೆದ್ದಾರಿ 66ರಲ್ಲಿ ಕೂತೆವು. ಸಾವಿರಾರು ಜನ. ಬಿಸಿಲಿಗೆ ಡಾಂಬರು ಕಾಯುತ್ತಿತ್ತು, ಕೂತವರು ಸೆರಗು ಮಡಚಿ ಕೆಳಗೆ ಹಾಕಿಕೊಂಡಿದ್ದರು.

ಅವತ್ತು ಪೊಲೀಸರು ಲಾಠಿ ಎತ್ತಲಿಲ್ಲ. ನಮ್ಮವರೂ ಕಲ್ಲು ಮುಟ್ಟಲಿಲ್ಲ. ಒಂದು ಆಂಬುಲೆನ್ಸ್ ಬಂದಾಗ ನಮ್ಮ ಹುಡುಗರೇ ಎದ್ದು ದಾರಿ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಿಕ್ಷಾ ಅಣ್ಣ, ರಸ್ತೆ ತಡೆದದ್ದಕ್ಕೆ ನಿಮ್ಮಂಥವರಿಗೆ ಕಷ್ಟ ಆಗಿರುತ್ತದೆ. ನಾವು ರಸ್ತೆಗೆ ಬರದಿದ್ದರೆ ದಿಲ್ಲಿಯವರಿಗೆ ಮಲ್ಪೆ ಎಲ್ಲುಂಟು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಬೋಟಿನ ಅವಶೇಷ ಸಿಕ್ಕಿತು ಅಂದರು. ಆ ಏಳು ಜನ ಬರಲಿಲ್ಲ.

ರಿಕ್ಷಾ_ಸ್ಟ್ಯಾಂಡ್_7:
ಆ ದಿನ ಯಾರೂ ದೂರಿದ್ದು ನಾನು ಕೇಳಿಲ್ಲ ಅಣ್ಣ. ಅದು ಎಲ್ಲರ ನೋವು.

ಸುರತ್ಕಲ್_ಸವಾರಿ:
ಸುರತ್ಕಲ್ ಟೋಲ್‌ಗೇಟ್ ಬಿಟ್ಟು ಈ ಚರ್ಚೆ ಮುಗಿಯುವುದಿಲ್ಲ. 60 ಕಿ.ಮೀ. ಒಳಗಿನ ಎರಡನೇ ಟೋಲ್ ಮೂರು ತಿಂಗಳಲ್ಲಿ ತೆಗೆಯುತ್ತೇವೆ ಅಂತ ಕೇಂದ್ರದ ಸಚಿವ ಗಡ್ಕರಿ ಪಾರ್ಲಿಮೆಂಟಿನಲ್ಲಿ ಹೇಳಿದ್ದು 2022ರ ಮಾರ್ಚಿನಲ್ಲಿ. ಹೆಜಮಾಡಿಯ ಟೋಲ್ ನಮ್ಮಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮೂರು ತಿಂಗಳು ಹೋಯಿತು, ಆರು ಹೋಯಿತು. ಅಕ್ಟೋಬರ್ 18ಕ್ಕೆ ಹೋರಾಟ ಸಮಿತಿಯವರು ಮುತ್ತಿಗೆ ಹಾಕಿದರು. ತುಂಬ ಜನರನ್ನು ಬಸ್ಸಿಗೆ ತುಂಬಿಸಿ ಒಯ್ದರು. ಆಮೇಲೆ ಹಗಲು ರಾತ್ರಿ ಧರಣಿ. ಆಫೀಸಿಗೆ ಹೋಗುವಾಗ ದಿನಾ ನೋಡುತ್ತಿದ್ದೆ. ಸೊಳ್ಳೆ ಬತ್ತಿ ಹಚ್ಚಿಕೊಂಡು ಹೆದ್ದಾರಿ ಬದಿಯಲ್ಲಿ ಮಲಗಿದವರು. ಎಲ್ಲ ಪಕ್ಷದವರು, ಎಲ್ಲ ಜಾತಿಯವರು. ಡಿಸೆಂಬರ್ 1ಕ್ಕೆ ಸುಂಕ ನಿಂತಿತು.

ಸರಕಾರ ಕೊಟ್ಟ ಮಾತನ್ನೇ ನಡೆಸಿ ಅಂತ ಕೇಳಲು ರಸ್ತೆಯಲ್ಲಿ ಮಲಗಬೇಕಾಯಿತು. ನನಗೆ ಇವತ್ತಿಗೂ ಬೇಜಾರು ಅದರದ್ದೇ.

ಕಾರ್ಕಳ_ಕರಿಕಲ್ಲು:
ಆದರೆ ಹೆಜಮಾಡಿಯಲ್ಲಿ ಸೇರಿಸಿ ವಸೂಲಿ ಮಾಡುತ್ತೇವೆ ಅಂತ ಹೊರಟದ್ದನ್ನೂ ಹೇಳಿ.

ಸುರತ್ಕಲ್_ಸವಾರಿ:
ಹೌದು, ಅದಕ್ಕೂ ಉಡುಪಿ ಕಡೆಯವರು ಗಲಾಟೆ ಎಬ್ಬಿಸಿದರು. ಅದು ಇನ್ನೊಂದು ದೊಡ್ಡ ಕತೆ.

ಬಾವುಟಗುಡ್ಡೆ_ಬಸ್‌ಸ್ಟಾಪ್:
ನಮ್ಮ ಊರಿಗೆ ಇದೇನು ಹೊಸತಲ್ಲ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ರೈತರು ನಡೆದು ಬಂದು ಈಸ್ಟ್ ಇಂಡಿಯಾ ಕಂಪನಿಯವರನ್ನು ಓಡಿಸಿ ಮಂಗಳೂರನ್ನು 13 ದಿನ ಆಳಿದ್ದರು. ಬಾವುಟ ಏರಿಸಿದ ಗುಡ್ಡೆಗೇ ಬಾವುಟಗುಡ್ಡೆ ಅಂತ ಹೆಸರು. ಆ ಸಿಟ್ಟಿಗೆ ಒಂದು ಮುಖ್ಯ ಕಾರಣ, ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ದುಡ್ಡಿನಲ್ಲೇ ಕೊಡಿ ಅಂದದ್ದು. ಕಂಪನಿ ಸರಕಾರದ ಉತ್ತರ ಗಲ್ಲು. ಬಿಕರ್ನಕಟ್ಟೆಯಲ್ಲಿ ನೇತು ಹಾಕಿದರು.

ಅಜ್ಜರಕಾಡು_ಅಕ್ಕ:
ಬಿಕರ್ನಕಟ್ಟೆಯಲ್ಲಿ ನನ್ನ ದೊಡ್ಡಮ್ಮನ ಮನೆ. ಚಿಕ್ಕಂದಿನಲ್ಲಿ ಆ ಕತೆ ಹೇಳಿ ಸಂಜೆ ಹೊರಗೆ ಬಿಡುತ್ತಿರಲಿಲ್ಲ! ಅಲ್ಲಿನ ಗೋಳಿಬಜೆ ಅಂಗಡಿ ಇನ್ನೂ ಉಂಟಾ?

ಬಾವುಟಗುಡ್ಡೆ_ಬಸ್‌ಸ್ಟಾಪ್:
ಯಾವ ಅಂಗಡಿ? ಚರ್ಚಿನ ಹತ್ತಿರದ್ದಾ? ಅದು ಬಂದ್ ಆಗಿ ಮೊಬೈಲ್ ಅಂಗಡಿ ಆಗಿದೆ.

ನೇತ್ರಾವತಿ_ದಡ:
ವಿಷಯಕ್ಕೆ ಬನ್ನಿ ಮಾರಾಯ್ರೆ. ಖಾಕಿ ಸರ್, ಒಂದು ಪ್ರಶ್ನೆ. ನಿಮ್ಮ ಸರ್ವಿಸಿನಲ್ಲಿ ಗುಂಪು ತಣ್ಣಗಾದದ್ದು ಯಾವಾಗ ಜಾಸ್ತಿ ನೋಡಿದ್ದೀರಿ?

ಖಾಕಿ_ನಿವೃತ್ತ:
ದೊಡ್ಡ ಸಾಹೇಬರು ಇಳಿದು ಬಂದಾಗ.

ಒಂದು ಸಲ ಒಂದು ತಾಲ್ಲೂಕು ಕಚೇರಿ ಎದುರು ನೀರಿಗಾಗಿ ಹೆಂಗಸರು ಕೊಡ ಹಿಡಿದು ಬಂದಿದ್ದರು. ಗೇಟು ಮುಚ್ಚಿತ್ತು. ಬೆಳಿಗ್ಗೆ 10ರಿಂದ 1ರವರೆಗೆ ಒಳಗಿನಿಂದ ಯಾರೂ ಬರಲಿಲ್ಲ. ಒಬ್ಬಳು ಕೊಡವನ್ನು ಗೇಟಿಗೆ ಬಡಿಯಲು ಶುರು ಮಾಡಿದಳು. ಆಮೇಲೆ ಎಲ್ಲರೂ. ಆ ಸದ್ದು ಈಗಲೂ ಕಿವಿಯಲ್ಲಿ ಉಂಟು. ನಮಗೆ ಹೆಲ್ಮೆಟ್ ಹಾಕಿ ಅಂದರು. ಅಷ್ಟರಲ್ಲಿ ಉಪವಿಭಾಗದ ಅಧಿಕಾರಿ ಜೀಪಿನಿಂದ ಇಳಿದು ಗೇಟು ತೆಗೆಸಿದರು. ಮೆಟ್ಟಿಲ ಮೇಲೆ ಕೂತರು. "ಹೇಳಿ ಅಮ್ಮ, ಎಷ್ಟು ದಿನ ಆಯಿತು ನೀರು ಬಾರದೆ?" ಅಂತ ಕೇಳಿದರು. 20 ನಿಮಿಷ ಬೈಸಿಕೊಂಡರು. ಮನವಿಗೆ ಅವರೆದುರೇ ಸಹಿ ಹಾಕಿದರು. ಸಂಜೆಗೆ ಟ್ಯಾಂಕರ್ ಬಂತು. ನಾವು ಹೆಲ್ಮೆಟ್ ತೆಗೆದು ವ್ಯಾನಿನಲ್ಲಿ ಇಟ್ಟೆವು.

ದೊಡ್ಡ ದೊಡ್ಡ ವಿಷಯ ಹೀಗೆ 20 ನಿಮಿಷದಲ್ಲಿ ಮುಗಿಯುವುದಿಲ್ಲ, ಗೊತ್ತು. ದಿಲ್ಲಿಯ ಗಡಿಯಲ್ಲಿ ರೈತರು ಒಂದು ವರ್ಷದ ಮೇಲೆ ಕೂತರು. ಮಾತುಕತೆ ಸುತ್ತು ಸುತ್ತು ನಡೆಯಿತು. 2021ರ ನವೆಂಬರ್ 19ಕ್ಕೆ ಮೂರೂ ಕೃಷಿ ಕಾಯಿದೆ ವಾಪಸ್ ತೆಗೆಯುತ್ತೇವೆ ಅಂದರು. ಆದರೆ ಮೊದಲ ದಿನ ಯಾರು ಹೊರಗೆ ಬರುತ್ತಾರೆ, ಅಧಿಕಾರಿಯೋ ಶೀಲ್ಡ್ ಹಿಡಿದ ಹುಡುಗನೋ ಅನ್ನುವುದರ ಮೇಲೆ ತುಂಬ ನಿಂತಿರುತ್ತದೆ.

ಪದವಿನಂಗಡಿ_ಪದವೀಧರ:
ಸರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೂ ಬಸ್ಸಿಗೆ ಬೆಂಕಿ ಹಾಕಿದವನನ್ನು ಬಿಡಬಾರದು, ಅದಕ್ಕೆ ನಾನು ಬದ್ಧ.

ಖಾಕಿ_ನಿವೃತ್ತ:
ಬಿಡಬಾರದು. ಅವನನ್ನೇ ಹಿಡಿಯಿರಿ. ಪಕ್ಕದಲ್ಲಿ ನಿಂತವನ ಮೇಲೂ ಅದೇ ಕೇಸು ಹಾಕಬೇಡಿ. ಹತ್ತು ವರ್ಷ ಕೋರ್ಟಿಗೆ ಅಲೆದವನು ಆಮೇಲೆ ಯಾವ ಸರಕಾರವನ್ನೂ ನಂಬುವುದಿಲ್ಲ.

ಮಣಿಪಾಲ_ಮೆಸ್:
ನೇಪಾಳದ ನಮ್ಮ ಹುಡುಗನಿಗೆ ಅಮ್ಮ ಫೋನಿನಲ್ಲಿ ಸಿಕ್ಕಿದರು, ಸೆಪ್ಟೆಂಬರ್ 9ಕ್ಕೆ ಬೆಳಿಗ್ಗೆ. ಕೇಳಿದವರಿಗೆ ಹೇಳುತ್ತಿದ್ದೇನೆ. ಆಮೇಲೆ ಅಲ್ಲಿನ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿ ಆದಾಗ ಅವನಿಗೆ ಖುಷಿ ಆಗಿತ್ತು. "ಜಡ್ಜ್ ಅಮ್ಮ ಬಂದರು" ಅಂತ ಎಲ್ಲರಿಗೂ ಹೇಳುತ್ತಿದ್ದ.

ವಕೀಲೆ_ಉಡುಪಿ:
ಮನವಿ ಕೊಡುವವರಿಗೆ ಒಂದು ಮಾತು. ಸುಮ್ನೆ ಕೊಟ್ಟು ಫೋಟೋ ತೆಗೆದು ಬರಬೇಡಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಕಚೇರಿಯ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ನಾಳೆ "ಯಾರೂ ನಮಗೆ ಹೇಳಲೇ ಇಲ್ಲ" ಅಂತ ಅವರಿಗೆ ಹೇಳಲು ಆಗಬಾರದು.

ಹಂಪನಕಟ್ಟೆ_ಜೆರಾಕ್ಸ್:
ಇದು ನಿಜ ಅಕ್ಕ. ಇಲ್ಲಿನ ಎಷ್ಟೋ ಮನವಿ ನನ್ನ ಮೆಷಿನ್ನಿನಲ್ಲೇ ಕಾಪಿ ಆಗಿ ಹೋಗುತ್ತದೆ. ಜಿಲ್ಲಾಧಿಕಾರಿ ಕಚೇರಿ ಪಡೀಲಿಗೆ ಹೋದ ಮೇಲೆ ಕ್ಲಾಕ್ ಟವರಿನ ಹತ್ತಿರ ಕೂಗಿದವರು ಮತ್ತೆ ಬಸ್ ಹಿಡಿದು ಅಲ್ಲಿಗೆ ಹೋಗಬೇಕು. ಈಗಷ್ಟೇ ನಾಲ್ಕು ಜನ ಅಂಗನವಾಡಿ ಟೀಚರುಗಳು ಬಂದು ನಾಳೆಯ ಮನವಿ ಟೈಪ್ ಮಾಡಿಸಿದರು. ಒಂದೇ ಪ್ರತಿ ಸಾಕು ಅಂದರು. ನಾನು ನಿಮ್ಮ ಮಾತು ಹೇಳಿ ಎರಡು ತೆಗೆದು ಕೊಟ್ಟೆ, ಎರಡನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾಳೆ ಸಂಜೆ ಸೀಲು ಬಿದ್ದದ್ದನ್ನು ತಂದು ತೋರಿಸುತ್ತೇವೆ ಅಂದಿದ್ದಾರೆ.